ಹರಿಭಕ್ತಿಸಾರ: ‘ರಕ್ಷಿಸು ನಮ್ಮನನವರತ’ ಬಿಟ್ಟು ಓದಬಹುದೇ?

ತುಂಗಾತೀರ

ಪುಣೆಯಲ್ಲಿರುವ ನಾವು ಹತ್ತು ಹನ್ನೆರಡು ಮನೆಯವರು ಸೇರಿ ಈ ಸಲ ಕನಕ ಜಯಂತಿಗೆ ಕನಕದಾಸರ ಹರಿಭಕ್ತಿಸಾರದ 20 ಪದ್ಯ ಒಟ್ಟಿಗೆ ಓದುವುದೆಂದು ಗೊತ್ತುಮಾಡಿಕೊಂಡಿದ್ದೇವೆ. ಹೋದ ಭಾನುವಾರ ಮೊದಲ ಅಭ್ಯಾಸ. ಮೂರನೆಯ ಪದ್ಯ ಮುಗಿಯುವ ಹೊತ್ತಿಗೆ ಗುಂಪಿನ ಹಿರಿಯರೊಬ್ಬರು, “ಪ್ರತಿ ಪದ್ಯಕ್ಕೂ ಅದೇ ಮಾತು ಯಾಕೆ? ಸಮಯ ಕಡಿಮೆ ಇದೆ. ‘ರಕ್ಷಿಸು ನಮ್ಮನನವರತ’ ಅನ್ನುವುದನ್ನು ಕೊನೆಯ ಪದ್ಯಕ್ಕೆ ಒಮ್ಮೆ ಹೇಳಿದರೆ ಸಾಕಲ್ಲ” ಅಂದರು. ಇನ್ನಿಬ್ಬರು ಹೌದೆಂದು ತಲೆಯಾಡಿಸಿದರು. ನನಗೆ ಚುರುಕ್ಕೆಂದಿತು. ನಮ್ಮಜ್ಜ ದೀಪ ಹಚ್ಚಿದ ಮೇಲೆ ಇದನ್ನು ಹೇಳುವಾಗ ಮಕ್ಕಳಾದ ನಮಗೆ ಬರುತ್ತಿದ್ದದ್ದು ಆ ಒಂದೇ ಮಾತು, ಅದಕ್ಕಾಗಿಯೇ ಕಾದು ಕೂತಿರುತ್ತಿದ್ದೆವು. ಆದರೆ ಯಾಕೆ ಬಿಡಬಾರದು ಅಂತ ಅವರಿಗೆ ಹೇಳಲು ನನ್ನ ಬಾಯಲ್ಲಿ ಮಾತಿರಲಿಲ್ಲ.

ಮನೆಗೆ ಬಂದು ಪೆನ್ಸಿಲ್ ಹಿಡಿದು ಕೂತೆ. ಮೊದಲ ಪದ್ಯ ಎಲ್ಲರಿಗೂ ಗೊತ್ತಿರುವಂಥದ್ದು:

ಶ್ರೀಯರಸ ಗಾಂಗೇಯನುತ ಕೌಂ
ತೇಯವಂದಿತ ಚರಣ ಕಮಲದ
ಳಾಯತಾಂಬಕ ರೂಪ ಚಿನ್ಮಯ ದೇವಕೀತನಯ
ರಾಯ ರಘುಕುಲವರ್ಯ ಭೂಸುರ
ಪ್ರೀಯ ಸುರಪುರನಿಲಯ ಚೆನ್ನಿಗ
ರಾಯ ಚತುರೋಪಾಯ ರಕ್ಷಿಸು ನಮ್ಮನನವರತ

ಆರು ಸಾಲಿನ ಭಾಮಿನಿ ಷಟ್ಪದಿ. ಹ್ರಸ್ವ ಅಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ದೀರ್ಘ, ಅನುಸ್ವಾರ ಇರುವ ಅಥವಾ ಮುಂದೆ ಒತ್ತಕ್ಷರ ಬರುವ ಅಕ್ಷರ ಗುರು, ಅದಕ್ಕೆ ಎರಡು. ಒಂದು, ಎರಡು, ನಾಲ್ಕು, ಐದನೆಯ ಸಾಲಿಗೆ 3+4+3+4, ಅಂದರೆ 14 ಮಾತ್ರೆ. ಮೂರು ಮತ್ತು ಆರನೆಯದಕ್ಕೆ ಅದರ ಒಂದೂವರೆಯಷ್ಟು, ಕೊನೆಗೊಂದು ಗುರು, ಒಟ್ಟು 23. ಇಡೀ ಪದ್ಯಕ್ಕೆ 102. ನಾನು ಗಣ, ಅಂದರೆ ಮಾತ್ರೆಗಳ ಗುಂಪು, ಹಾಕಿದ್ದು ಹೀಗೆ:

ಶ್ರೀಯ | ರಸ ಗಾಂ | ಗೇಯ | ನುತ ಕೌಂ
ತೇಯ | ವಂದಿತ | ಚರಣ | ಕಮಲದ
ಳಾಯ | ತಾಂಬಕ | ರೂಪ | ಚಿನ್ಮಯ | ದೇವ | ಕೀತನ | ಯ
ರಾಯ | ರಘುಕುಲ | ವರ್ಯ | ಭೂಸುರ
ಪ್ರೀಯ | ಸುರಪುರ | ನಿಲಯ | ಚೆನ್ನಿಗ
ರಾಯ | ಚತುರೋ | ಪಾಯ | ರಕ್ಷಿಸು | ನಮ್ಮ | ನನವರ | ತ

ಆ ಮಾತನ್ನು ತೆಗೆದರೆ ಆರನೆಯ ಸಾಲಿನಲ್ಲಿ ಉಳಿಯುವುದು ‘ರಾಯ ಚತುರೋಪಾಯ’, ಬರೀ 10 ಮಾತ್ರೆ. ಉದ್ದದ ಸಾಲಾಗಬೇಕಾದದ್ದು ಗಿಡ್ಡ ಸಾಲಿಗಿಂತಲೂ ಗಿಡ್ಡವಾಗುತ್ತದೆ. ಇಷ್ಟು ನನಗೂ ತಿಳಿಯಿತು. ಆದರೆ ‘ಲೆಕ್ಕ ತಪ್ಪುತ್ತದೆ’ ಅಂದರೆ ಅವರು ಒಪ್ಪುವರೆಂದು ಅನ್ನಿಸುವುದಿಲ್ಲ. ಜೊತೆಗೆ ಎರಡು ಅನುಮಾನ ಹುಟ್ಟಿದವು. ‘ಭೂಸುರಪ್ರಿಯ’ ಅನ್ನಬೇಕಾದ ಕಡೆ ‘ಪ್ರೀಯ’ ಯಾಕೆ? ಮತ್ತೆ ‘ಪ್ರೀ’ ಒತ್ತಕ್ಷರವಲ್ಲವೇ, ಅದರ ಹಿಂದಿನ ‘ರ’ ಗುರುವಾಗಿ ನಾಲ್ಕನೆಯ ಸಾಲು 15 ಮಾತ್ರೆ ಆಗಬೇಕಲ್ಲ?

ಪದ್ಯಪಾಠ

ಗಣ ಸರಿಯಾಗಿ ಹಾಕಿದ್ದೀರಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇದನ್ನೇ ಕಲಿಸಿದವನು ನಾನು, ನೋಡಿ ಸಂತೋಷವಾಯಿತು.

‘ಪ್ರೀಯ’ದ ಗುಟ್ಟು ಪ್ರಾಸದಲ್ಲಿದೆ. ಸಾಲುಗಳ ಎರಡನೆಯ ಅಕ್ಷರ ನೋಡಿ: ಶ್ರೀಯ, ತೇಯ, ಳಾಯ, ರಾಯ, ಪ್ರೀಯ, ರಾಯ. ಆರಕ್ಕೆ ಆರೂ ಯಕಾರ. ಅಷ್ಟು ಮಾತ್ರವಲ್ಲ, ಯಕಾರದ ಹಿಂದೆ ಆರು ಕಡೆಯೂ ದೀರ್ಘ. ನಮ್ಮ ಛಂದಶ್ಶಾಸ್ತ್ರದಲ್ಲಿ ಇದಕ್ಕೆ ಗಜಪ್ರಾಸ ಎಂದು ಹೆಸರು. ಹಿಂದಿನದು ಹ್ರಸ್ವವಾದರೆ ಸಿಂಹ, ಅನುಸ್ವಾರವಿದ್ದರೆ ವೃಷಭ, ಅದೇ ವ್ಯಂಜನದ ಒತ್ತಕ್ಷರ ಬಂದರೆ ಹಯ, ಹೀಗೆ ಆರು. ಒಂದು ಪದ್ಯಕ್ಕೆ ಸಿಂಹ ಹಿಡಿದರೆ ಕೊನೆವರೆಗೂ ಸಿಂಹ, ಗಜ ಹಿಡಿದರೆ ಗಜ. ಐದನೆಯ ಸಾಲಿನಲ್ಲಿ ‘ಪ್ರಿಯ’ ಎಂದಿಟ್ಟಿದ್ದರೆ ಆನೆಗಳ ಸಾಲಿನಲ್ಲಿ ಒಂದು ಸಿಂಹ ನುಗ್ಗಿದಂತಾಗುತ್ತಿತ್ತು. ಮಾತ್ರೆಯೂ ಒಂದು ಕಡಿಮೆ: ‘ಪ್ರಿಯ’ ಎರಡೇ, ಅಲ್ಲಿ ಬೇಕಾದದ್ದು ಮೂರು. ಎರಡು ಕಾರಣಕ್ಕೂ ಒಂದೇ ಮದ್ದು, ದೀರ್ಘ ಎಳೆದದ್ದು.

ಪ್ರಾಸಸ್ಥಾನಕ್ಕೆ ಬೇಕಾದ ಅಕ್ಷರ ಬರಲೆಂದು ಪದಗಳನ್ನು ಹೇಗೆ ಮುರಿದಿದ್ದಾರೆ ಗಮನಿಸಿ. ‘ಕೌಂತೇಯ’ವನ್ನು ‘ಕೌಂ’ ಎಂದು ನಿಲ್ಲಿಸಿ ‘ತೇಯ’ವನ್ನು ಕೆಳಗಿಳಿಸಿದರು. ‘ಕಮಲದಳ’ಕ್ಕೆ ‘ಆಯತ’ ಸೇರಿ ‘ದಳಾಯತ’ ಆಯಿತು, ಅದನ್ನು ‘ದ’ಕ್ಕೆ ಕತ್ತರಿಸಿ ‘ಳಾಯ’ವನ್ನು ಸಾಲಿನ ತಲೆಗೆ ತಂದರು. ಯಕಾರವನ್ನು ಪ್ರಾಸಸ್ಥಾನದಲ್ಲಿ ಮಾತ್ರ ಬಿಟ್ಟಿಲ್ಲ. ಗಾಂಗೇಯ, ಚಿನ್ಮಯ, ತನಯ, ವರ್ಯ, ನಿಲಯ, ಉಪಾಯ. ಎಣಿಸಿದರೆ ಪದ್ಯದಲ್ಲಿ 12 ಯಕಾರ ಸಿಗುತ್ತವೆ. ಒಂದು, ನಾಲ್ಕು, ಐದು, ಆರು, ಈ ನಾಲ್ಕೂ ಸಾಲಿನ ಮೂರನೆಯ ಗಣ ಯಕಾರಕ್ಕೇ ಮುಗಿಯುತ್ತದೆ (ಗೇಯ, ವರ್ಯ, ನಿಲಯ, ಪಾಯ). ಓದುವಾಗ ಒಂದೇ ಗಂಟೆ ಮತ್ತೆ ಮತ್ತೆ ಬಾರಿಸಿದ ಹಾಗೆ ಕೇಳುವುದು ಅದಕ್ಕೇ.

ಎರಡನೆಯ ಅನುಮಾನಕ್ಕೆ: ಸಾಲು ಮುಗಿದು ಹೊಸ ಸಾಲು ಶುರುವಾಗುವಲ್ಲಿ ಸಣ್ಣ ನಿಲುಗಡೆ ಇರುತ್ತದೆ. ಆದ್ದರಿಂದ ‘ರ’ ಲಘುವಾಗಿಯೇ ಉಳಿಯುತ್ತದೆ.

ಗದಗಿನ_ಓದುಗ

ಸರ, ಮೊದಲನೇ ಉತ್ತರ ಭಾಳ ಚಲೋ ಹೇಳೀರಿ. ಎರಡನೇದು ನನಗ ಒಪ್ಪಿಗಿ ಆಗಲಿಲ್ರಿ. ಭಾಮಿನಿ ಒಳಗ ಒಂದನೇ ಸಾಲಿನ ಕೊನಿಗೆ ನಿಲ್ಲೂದ ಎಲ್ಲೈತಿ? ‘ಕೌಂ’ ಅಂತ ನಿಂತು ಉಸಿರು ತಗೊಂಡು ‘ತೇಯ’ ಅಂತೀವೇನ್ರಿ? ಉಸಿರು ತಗೊಳ್ಳೂದು ಮೂರನೇ ಸಾಲಿಗೆ, ಆಮ್ಯಾಲ ಆರನೇದಕ್ಕ. ನಡುವ ಎಲ್ಲಾ ಹರಿಯೂ ನೀರು.

ನಮ್ಮ ಕುಮಾರವ್ಯಾಸನ ಮೊದಲನೇ ಪದ್ಯ ನೋಡ್ರಿ. ವೀರನಾರಾಯಣ ಗುಡಿಗೆ ಹೋದಾಗೆಲ್ಲಾ ಇದನ್ನ ಅಂದ ಬರತೀನಿ:

ಶ್ರೀವನಿತೆಯರಸನೆ ವಿಮಲ ರಾ
ಜೀವ ಪೀಠನ ಪಿತನೆ ಜಗಕತಿ
ಪಾವನನೆ ಸನಕಾದಿ ಸಜ್ಜನ ನಿಕರ ದಾತಾರ
ರಾವಣಾಸುರ ಮಥನ ಶ್ರವಣ ಸು
ಧಾ ವಿನೂತನ ಕಥನ ಕಾರಣ
ಕಾವುದಾನತ ಜನವ ಗದುಗಿನ ವೀರನಾರಯಣ

ನಾಲ್ಕನೇ ಸಾಲಿಗೆ ಗಣ ಹಾಕ್ರಿ: ರಾವ | ಣಾಸುರ | ಮಥನ | ಶ್ರವಣ ಸು. ‘ಶ್ರ’ ಒತ್ತಕ್ಷರ, ಅದರ ಹಿಂದಿನ ‘ನ’ ಗುರು ಆದರ ‘ಮಥನ’ ನಾಲ್ಕು ಮಾತ್ರಿ ಆಗತೈತಿ, ಗಣ ಕೆಡತೈತಿ. ಇದು ಸಾಲಿನ ಕೊನಿ ಅಲ್ಲ, ನಟ್ಟನಡುವ. ಹಂಗಂದ್ರ ಮುಂದಿನ ಪದ ರೇಫದ ಒತ್ತಿನಿಂದ ಶುರು ಆದಾಗ ಹಿಂದಿನ ಅಕ್ಷರ ಹಗುರಾಗೇ ಉಳೀಬಹುದು. ಬಾಯಾಗ ತೇಲಿಸಿ ಅನ್ನೂದು. ಕನಕದಾಸರದ್ದೂ ಅದ ರೀತಿ ಅನ್ನಸತೈತಿ ನನಗ.

‘ಶ್ರೀವನಿತೆಯರಸ’ನಿಂದ ‘ಶ್ರೀಯರಸ’ಕ್ಕ ಎಷ್ಟು ಹತ್ತಿರ ನೋಡ್ರಿ! ಹಾದಿ ಅದ.

ಪದ್ಯಪಾಠ

ನೀವು ಹೇಳಿದ್ದು ಸರಿ, ನನ್ನ ಉತ್ತರ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ‘ಮಥನ ಶ್ರವಣ’ ಒಳ್ಳೆಯ ಸಾಕ್ಷಿ. ಶಿಥಿಲದ್ವಿತ್ವ (ಒತ್ತು ಬಂದರೂ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುವುದು) ಎಂದು ಕರೆಯಲು ಕೈ ಹೋಗುತ್ತದೆ, ಆದರೆ ಆ ಹೆಸರು ಹಳಗನ್ನಡದ ‘ಅಮರ್ದು’ ಥರದ ಪದಗಳ ಒಳಗಿನ ಒತ್ತಿಗೆ ಸಲ್ಲುವುದು. ಪದದ ಮೊದಲಲ್ಲಿ ಬರುವ ಒತ್ತು ಬೇರೆ ಸಂಗತಿ. ಹೆಸರು ಏನೇ ಇರಲಿ, ಕಿವಿ ಒಪ್ಪಿದೆ.

ತುಂಗಾತೀರ

ಇಬ್ಬರಿಗೂ ವಂದನೆ. ನಿಮ್ಮ ಮಾತು ಓದಿ ಎರಡನೆಯ ಪದ್ಯಕ್ಕೆ ಹೋದೆ, ಅಲ್ಲಿ ಇದರ ಉಲ್ಟಾ ಸಿಕ್ಕಿತು!

ದೇವದೇವ ಜಗದ್ಭರಿತ ವಸು
ದೇವಸುತ ಜಗದೇಕನಾಥ ರ
ಮಾವಿನೋದಿತ ಸಜ್ಜನಾನತ ನಿಖಿಳ ಗುಣಭರಿತ
ಭಾವಜಾರಿಪ್ರಿಯ ನಿರಾಮಯ
ರಾವಣಾಂತಕ ರಘುಕುಲಾನ್ವಯ
ದೇವ ಅಸುರವಿರೋಧಿ ರಕ್ಷಿಸು ನಮ್ಮನನವರತ

ನಾಲ್ಕನೆಯ ಸಾಲು: ಭಾವ | ಜಾರಿ | ಪ್ರಿಯ ನಿ | ರಾಮಯ. ಇಲ್ಲಿ ‘ಪ್ರಿ’ಯ ಹಿಂದಿನ ‘ರಿ’ ಗುರುವಾಗದಿದ್ದರೆ ಎರಡನೆಯ ಗಣಕ್ಕೆ 4 ಮಾತ್ರೆ ತುಂಬುವುದೇ ಇಲ್ಲ. ಅದೇ ‘ಪ್ರಿಯ’ ಶಬ್ದ. ಒಂದು ಪದ್ಯದಲ್ಲಿ ಹಿಂದಿನ ಅಕ್ಷರ ಹಗುರ, ಪಕ್ಕದ ಪದ್ಯದಲ್ಲಿ ಭಾರ. ಒಂದು ಕಡೆ ‘ಪ್ರೀಯ’, ಇನ್ನೊಂದು ಕಡೆ ‘ಪ್ರಿಯ’. ಕವಿ ಎರಡನ್ನೂ ಕೈಯಲ್ಲಿ ಇಟ್ಟುಕೊಂಡು ಜಾಗಕ್ಕೆ ತಕ್ಕದ್ದನ್ನು ಬಳಸಿದ್ದಾರೆ ಅನ್ನಿಸಿತು.

ಬಿಎ_ಎರಡನೇ_ವರ್ಷ

ನಮಸ್ಕಾರ, ನಾನು ಕನ್ನಡ ಐಚ್ಛಿಕ ವಿದ್ಯಾರ್ಥಿ. ಎರಡು ಪ್ರಶ್ನೆ. ‘ನಮ್ಮನನವರತ’ದ ಕೊನೆಯ ‘ತ’ ಹ್ರಸ್ವ ಅಲ್ವಾ? ಹಾಗಾದ್ರೆ ಕೊನೆ ಸಾಲು 22 ಮಾತ್ರೆ ಆಗುತ್ತೆ. ಮತ್ತೆ ‘ದೇವ ಅಸುರವಿರೋಧಿ’ಯಲ್ಲಿ ಸಂಧಿ ಮಾಡಿಲ್ಲ. ‘ದೇವಾಸುರ’ ಅಂದ್ರೂ ದೇ 2, ವಾ 2, ಸು 1, ರ 1, ಒಟ್ಟು 6. ಬಿಡಿಸಿ ಬರೆದ್ರೂ 6. ಲೆಕ್ಕ ಅದೇ ಬರುವಾಗ ಸಂಧಿ ಬಿಟ್ಟಿದ್ದು ದೋಷ ಅಲ್ವಾ?

ಪದ್ಯಪಾಠ

ಒಳ್ಳೆಯ ಪ್ರಶ್ನೆ ಮಗು. ಮೊದಲನೆಯದು: ಪಾದದ ಕೊನೆಯಲ್ಲಿ, ನಿಲ್ಲುವ ಜಾಗದಲ್ಲಿ, ಲಘುವನ್ನೂ ಗುರುವೆಂದೇ ಎಣಿಸುತ್ತಾರೆ. ಮೂರನೆಯ ಸಾಲಿನ ‘ದೇವಕೀತನಯ’ದ ‘ಯ’, ಆರನೆಯ ಸಾಲಿನ ‘ಅನವರತ’ದ ‘ತ’, ಎರಡೂ ಹೀಗೆ ಗುರುವಾದವು. ಗದಗಿನವರು ಹೇಳಿದ ಹಾಗೆ ಉಸಿರಿನ ನಿಲುಗಡೆ ಅವೆರಡೇ ಕಡೆ. ಉಳಿದ ಸಾಲುಗಳ ಕೊನೆಯ ‘ದ’, ‘ರ’, ‘ಗ’ ಲಘುವಾಗಿಯೇ ಓಡಿಹೋಗುತ್ತವೆ.

ಎರಡನೆಯದು: ಒಟ್ಟು ಮಾತ್ರೆ ಅದೇ, ನಿಜ. ಆದರೆ ಗಣ ಮುರಿಯುವ ಜಾಗ ನೋಡು. ಮೊದಲ ಗಣಕ್ಕೆ ಬೇಕಾದದ್ದು 3. ‘ದೇವ’ ಎಂದರೆ ಸರಿಯಾಗಿ 3, ಮುಂದೆ ‘ಅಸುರವಿ’ 4. ‘ದೇವಾ’ ಎಂದರೆ ಅಲ್ಲೇ 4 ಆಯಿತು, ದೀರ್ಘವೊಂದು ಎರಡು ಗಣದ ನಡುವೆ ಕಾಲು ಚಾಚಿ ಕೂರುತ್ತದೆ. ಭಾಮಿನಿಯಲ್ಲಿ ಒಟ್ಟು ಎಣಿಸಿದರೆ ಸಾಲದು, ಮೂರು ನಾಲ್ಕರ ಹೆಜ್ಜೆ ತಪ್ಪಬಾರದು.

ಅದಕ್ಕಿಂತ ದೊಡ್ಡ ಮಾತು ಅರ್ಥದ್ದು. ‘ದೇವಾಸುರವಿರೋಧಿ’ ಎಂದುಬಿಟ್ಟರೆ ದೇವತೆಗಳಿಗೂ ಅಸುರರಿಗೂ ವಿರೋಧಿ ಎಂದಾಗುತ್ತದೆ. ಹರಿಯನ್ನು ಹೊಗಳಲು ಹೊರಟು ಇನ್ನೇನೋ ಹೇಳಿದಂತಾಗುತ್ತದೆ. ‘ದೇವ’ ಎಂದು ಕರೆದು, ಬಿಟ್ಟು, ‘ಅಸುರವಿರೋಧಿ’ ಎನ್ನಬೇಕು. ಸಂಧಿ ಮಾಡದಿರುವುದೇ ಇಲ್ಲಿ ಸರಿ.

ಸಾಲಿಗೊಂದು

ಎಲ್ಲರೂ ಇಷ್ಟು ಪ್ರೀತಿಯಿಂದ ಬರೆಯುತ್ತಿರುವಾಗ ಬೇರೆ ರಾಗ ತೆಗೆಯುವುದು ಕಷ್ಟ, ಆದರೂ ಹೇಳುತ್ತೇನೆ. ಪುಣೆಯ ಆ ಹಿರಿಯರ ಮಾತಿನಲ್ಲಿ ಹುರುಳಿಲ್ಲ ಎನ್ನಲು ನನಗೆ ಆಗುವುದಿಲ್ಲ. ಮೊದಲ ಪದ್ಯದಲ್ಲಿ ‘ರಘುಕುಲವರ್ಯ’, ಎರಡನೆಯದರಲ್ಲಿ ‘ರಘುಕುಲಾನ್ವಯ’. ಎರಡನೆಯ ಪದ್ಯ ಒಂದರಲ್ಲೇ ‘ಭರಿತ’ ಎರಡು ಸಲ, ‘ದೇವ’ ನಾಲ್ಕು ಸಲ. ಕೊನೆಗೆ ಮತ್ತೆ ಅದೇ 13 ಮಾತ್ರೆ. ಗಣ ತುಂಬಿಸಲು ಕೈಗೆ ಸಿಕ್ಕ ಸಂಬೋಧನೆ ಹಾಕಿದ ಹಾಗೆ ಕಾಣುವುದಿಲ್ಲವೇ? ರಾಮಧಾನ್ಯಚರಿತೆಯೂ ಭಾಮಿನಿಯೇ. ಅಲ್ಲಿ ರಾಗಿ ಮತ್ತು ಭತ್ತ ಜಗಳವಾಡುವಾಗ ಒಂದೊಂದು ಸಾಲೂ ಕೆಲಸ ಮಾಡುತ್ತದೆ. ನಳಚರಿತ್ರೆಯೂ ಹಾಗೇ. ಅದೇ ಕವಿ ಇಲ್ಲಿ ಯಾಕೆ ಇಷ್ಟು ಜಾಗವನ್ನು ಒಂದೇ ಮಾತಿಗೆ ಬಿಟ್ಟುಕೊಟ್ಟರು? ನನಗೆ ನಿಜವಾಗಿ ತಿಳಿಯಬೇಕಾಗಿದೆ.

ಚೆಂಡೆಮದ್ದಳೆ

ಒಳ್ಳೆ ಪ್ರಶ್ನೆ ಕೇಳಿದಿರಿ. ನಾನು ಛಂದಸ್ಸು ಓದಿದವನಲ್ಲ, ಯಕ್ಷಗಾನ ಮೇಳದಲ್ಲಿ ಮದ್ದಳೆ ಬಾರಿಸಿದವ. ನಮ್ಮಲ್ಲಿ ಭಾಗವತರು ಭಾಮಿನಿ ಹೇಳುವಾಗ ತಾಳ ಹಾಕುವ ಕ್ರಮ ಇಲ್ಲ. ಪದ್ಯದ ಒಳಗೇ 3+4, 3+4 ಅಂತ ನಡೆ ಉಂಟಲ್ಲ, ಅದರ ಮೇಲೆಯೇ ರಾಗ ಹೋಗುತ್ತದೆ. ಸಂಗೀತದವರು ಮಿಶ್ರಛಾಪು ಹೇಳುತ್ತಾರಲ್ಲ, ಏಳರ ನಡೆ, ಅದೇ ಲೆಕ್ಕ.

ಈಗ ಆ 13 ಮಾತ್ರೆಯನ್ನು ಬಾಯಿಬಿಟ್ಟು ಹೇಳಿ ನೋಡಿ. ರಕ್ಷಿಸು: ಮೊದಲ ಅಕ್ಷರ ಒತ್ತಿನಿಂದ ಭಾರ. ನಮ್ಮ: ಅದೂ ಒತ್ತಿನಿಂದ ಭಾರ. ಆಮೇಲೆ ನ, ನ, ವ, ರ, ನಾಲ್ಕೂ ಹಗುರ, ಒಂದರ ಹಿಂದೆ ಒಂದು ಜಾರುತ್ತವೆ. ಕೊನೆಗೆ ‘ತ’ ಎಳೆದು ನಿಲ್ಲುವುದು. ಎರಡು ಸಲ ಬಾಗಿಲು ಬಡಿದು, ಓಡಿ ಹೋಗಿ, ಕಾಲಿಗೆ ಬಿದ್ದ ಹಾಗೆ ಉಂಟು ನನಗೆ. ‘ನಮ್ಮನು’ವಿಗೆ ‘ಅನವರತ’ ಸೇರುವಾಗ ಉಕಾರ ಹೋಗಿ ‘ನಮ್ಮನನವರತ’ ಆಯಿತು ನೋಡಿ, ಆ ಲೋಪ ಆದದ್ದರಿಂದಲೇ ಎರಡು ನಕಾರ ಒಟ್ಟಿಗೆ ಬಂದದ್ದು. ಬೇರೆ ಎಲ್ಲ ಸಾಲಿನ ನಡೆ ಪದ್ಯದಿಂದ ಪದ್ಯಕ್ಕೆ ಬದಲಾಗುತ್ತದೆ, ಇದೊಂದು ಬದಲಾಗುವುದಿಲ್ಲ. ಕೇಳುವವನಿಗೆ ಮನೆ ಗುರುತು ಸಿಕ್ಕುವುದು ಇಲ್ಲಿ. ನೀವು ಹೇಳಿದ ರಾಮಧಾನ್ಯ ಕಥೆ, ಮುಂದೆ ಓಡಬೇಕು. ಇದು ಕಥೆ ಅಲ್ಲ, ಎಲ್ಲಿಗೂ ಓಡುವುದಿಲ್ಲ.

ಪದ್ಯಪಾಠ

ಇದಕ್ಕೆ ಶಾಸ್ತ್ರದ ಕಡೆಯಿಂದ ಒಂದು ಮಾತು. ಶತಕಗಳಲ್ಲಿ ಪ್ರತಿ ಪದ್ಯದ ಕೊನೆಗೆ ಬರುವ ಇಂಥದ್ದಕ್ಕೆ ಮಕುಟ ಎನ್ನುತ್ತೇವೆ. ಸೋಮೇಶ್ವರ ಶತಕದ ‘ಹರಹರಾ ಶ್ರೀಚೆನ್ನಸೋಮೇಶ್ವರಾ’ ಎಲ್ಲರಿಗೂ ಗೊತ್ತು. ಅದು ಮತ್ತೇಭವಿಕ್ರೀಡಿತ, ಸಾಲಿಗೆ 20 ಅಕ್ಷರ. ಅದರಲ್ಲಿ ಮಕುಟದ್ದೇ 11. ಇಲ್ಲಿ 23 ಮಾತ್ರೆಯಲ್ಲಿ 13. ಎರಡು ಕಡೆಯೂ ಕೊನೆಯ ಸಾಲಿನ ಅರ್ಧಕ್ಕಿಂತ ತುಸು ಹೆಚ್ಚು ದೇವರಿಗೆ ಮೀಸಲು. ಇಂದು ಲೆಕ್ಕ ಹಾಕುವಾಗ ಇದು ಕಣ್ಣಿಗೆ ಬಿದ್ದು ನನಗೇ ಹೊಸತೆನಿಸಿತು.

‘ದೇವ’ ನಾಲ್ಕು ಸಲ ಎಂದಿರಿ. ಅವುಗಳ ಜಾಗ ನೋಡಿ. ಒಂದನೆಯ, ಎರಡನೆಯ, ಆರನೆಯ ಸಾಲುಗಳು ‘ದೇವ’ದಿಂದಲೇ ಹೊರಡುತ್ತವೆ. ‘ವಸುದೇವ’ವನ್ನು ‘ವಸು’ ಎಂದು ಮುರಿದದ್ದೇ ‘ದೇವ’ವನ್ನು ಪ್ರಾಸದ ಜಾಗಕ್ಕೆ ತರಲು. ಮೂರನೆಯ ಸಾಲಿನಲ್ಲಿ ವಿನೋದಿತ, ಆನತ, ಭರಿತ ಎಂದು ತಕಾರಗಳು, ನಾಲ್ಕು ಐದರ ಕೊನೆಗೆ ನಿರಾಮಯ, ಅನ್ವಯ ಎಂದು ಅಂತ್ಯಪ್ರಾಸ. ‘ಭರಿತ’ ಮರಳಿ ಬಂದದ್ದು ಮಾತ್ರ ನನಗೂ ಸ್ವಲ್ಪ ಸಡಿಲವೆಂದೇ ಕಾಣುತ್ತದೆ, ಅಷ್ಟು ಒಪ್ಪುತ್ತೇನೆ.

ಬೇಲೂರು_ಕಡೆ

ನಡುವೆ ಬಂದದ್ದಕ್ಕೆ ಕ್ಷಮಿಸಿ. ಮೊದಲ ಪದ್ಯದ ‘ಚೆನ್ನಿಗರಾಯ’ ಅಂದರೆ ನಮ್ಮ ಬೇಲೂರು ಚೆನ್ನಕೇಶವನನ್ನು ಜನ ಕರೆಯುವ ಹೆಸರು. ಇಲ್ಲಿ ಈಗಲೂ ಚೆನ್ನಿಗರಾಯ ಅಂತಲೇ ಅನ್ನುತ್ತೇವೆ. ಸಂಸ್ಕೃತದ ಸಂಬೋಧನೆಗಳ ನಡುವೆ ಆ ಮನೆಯ ಹೆಸರು ಬಂದಾಗ ಕಿವಿ ನಿಮಿರುತ್ತದೆ. ‘ಭಾವಜಾರಿಪ್ರಿಯ’ವನ್ನೂ ಯಾರೂ ಬಿಡಿಸಿ ಹೇಳಲಿಲ್ಲ. ಭಾವಜ ಅಂದರೆ ಮನ್ಮಥ, ಅವನ ಅರಿ ಶಿವ, ಶಿವನಿಗೆ ಪ್ರಿಯನಾದವನು ಹರಿ.

ಗದಗಿನ_ಓದುಗ

ಸಾಲಿಗೊಂದು ಅವರ, ನಿಮ್ಮ ಪ್ರಶ್ನಿಗೆ ನಾ ಬ್ಯಾರೆ ಕಡೆಯಿಂದ ಬರತೀನಿ. ಮಾತ್ರಿ ಬಿಡ್ರಿ, ವ್ಯಾಕರಣ ಹಿಡೀರಿ. ಮೊದಲನೇ ಪದ್ಯದಾಗ ಕ್ರಿಯಾಪದ ಎಲ್ಲೈತಿ ಹುಡುಕ್ರಿ.

ಶ್ರೀಯರಸ, ಗಾಂಗೇಯನುತ, ಕೌಂತೇಯವಂದಿತಚರಣ, ದೇವಕೀತನಯ, ರಾಯ, ರಘುಕುಲವರ್ಯ... ಎಲ್ಲಾ ಕರಿಯೂದ. ಐದೂವರಿ ಸಾಲು ಬರೇ ಕರಿಯೂದ. ಒಂದ ಒಂದು ಕ್ರಿಯಾಪದ ‘ರಕ್ಷಿಸು’. ಎರಡನೇ ಪದ್ಯಕ್ಕೂ ಅದ. ಅದನ್ನ ಬಿಟ್ಟು ಓದಿದರ, ಬಾಗಲದಾಗ ನಿಂತು ‘ಅಣ್ಣಾ, ಅಣ್ಣಾ’ ಅಂತ ಹತ್ತ ಸರ್ತಿ ಕರದು, ಅಂವ ಹೊರಗ ಬಂದ ಮ್ಯಾಲ ಏನೂ ಹೇಳದ ತಿರುಗಿ ಬಂದಂಗ ಆಗತೈತಿ. ಪುಣೇಕರ್ ಹಿರಿಯರಿಗೆ ಇದನ್ನ ಹೇಳ್ರಿ. ಲೆಕ್ಕ ತಪ್ಪತೈತಿ ಅನಬ್ಯಾಡ್ರಿ, ವಾಕ್ಯ ಮುಗಿಯೂದಿಲ್ಲ ಅನ್ರಿ.

ತುಂಗಾತೀರ

ಇದನ್ನು ಓದಿ ಸುಮ್ಮನೆ ಕೂತುಬಿಟ್ಟೆ. ಇಷ್ಟು ವರ್ಷ ಹೇಳಿಕೊಂಡು ಬಂದ ಪದ್ಯ, ಅದರಲ್ಲಿ ಕ್ರಿಯಾಪದ ಒಂದೇ ಎಂದು ನೋಡಿರಲಿಲ್ಲ.

ಹಾಗಾದರೆ ಎಲ್ಲ ಪದ್ಯವೂ ಹೀಗೆಯೇ ಎಂದು ನೋಡುತ್ತಾ ಹೋದೆ. ಅಲ್ಲ! ಗಿಳಿಯ ಪದ್ಯ ಬೇರೆ ಥರ.

ಗಿಳಿಯ ಮರಿಯನು ತಂದು ಪಂಜರ
ದೊಳಗೆ ಪೋಷಿಸಿ ಕಲಿಸಿ ಮೃದು ನುಡಿ
ಗಳನು ಲಾಲಿಸಿ ಕೇಳ್ವ ಪರಿಣತರಂತೆ ನೀನೆನಗೆ

ಇಲ್ಲಿ ತಂದು, ಪೋಷಿಸಿ, ಕಲಿಸಿ, ಲಾಲಿಸಿ ಎಂದು ಕೆಲಸಗಳ ಸಾಲೇ ಇದೆ, ಆದರೆ ಒಂದೂ ಮುಗಿದಿಲ್ಲ. ಕೊನೆಗೆ ‘ನಾಮಾವಳಿಯ ಪೊಗಳಿಕೆಯಿತ್ತು ರಕ್ಷಿಸು’ ಎಂದು ಬರುತ್ತದೆ. ಅಂದರೆ ಇಲ್ಲಿ ರಕ್ಷಿಸುವುದು ಎಂದರೆ ಬಾಯಿಗೆ ಮಾತು ಕೊಡುವುದು. ಮೊದಲ ಪದ್ಯದಲ್ಲಿ ‘ರಕ್ಷಿಸು’ ಅಂದಾಗ ಏನಿಂದ, ಹೇಗೆ ಎಂದು ತಿಳಿಯುವುದಿಲ್ಲ. ಗಿಳಿ ಬಂದ ಮೇಲೆ ಅದೇ ಮಾತಿಗೆ ಬೇರೆ ಅರ್ಥ ಹತ್ತಿಕೊಂಡಿತು.

ಪದ್ಯಪಾಠ ಅವರೇ, ಇದು ಸಿಂಹಪ್ರಾಸ ತಾನೇ? ಗಿಳಿ, ದೊಳ, ಗಳ, ಎಲ್ಲ ಹ್ರಸ್ವದ ಮೇಲೆ ಳಕಾರ. ಸಾಲುಗಳ ಮೊದಲ ಗಣ ಗಿಳಿಯ, ದೊಳಗೆ, ಗಳನು, ಮೂರೂ ಮೂರು ಮೂರು ಲಘು. ಮೊದಲ ಪದ್ಯದ ಶ್ರೀಯ, ತೇಯ, ಳಾಯ ಗಜದ ನಡಿಗೆ. ಇದು ಪಂಜರದೊಳಗೆ ಕುಪ್ಪಳಿಸುವ ಮರಿಯ ನಡಿಗೆ.

ಪದ್ಯಪಾಠ

ಸಿಂಹಪ್ರಾಸವೇ. ಹೆಸರು ಸಿಂಹವಾದರೂ ಇಲ್ಲಿ ನಡೆದದ್ದು ಗಿಳಿ. ಚೆನ್ನಾಗಿ ಕಂಡಿರಿ.

ಬಿಎ_ಎರಡನೇ_ವರ್ಷ

ನಾನೂ ಒಂದು ಪದ್ಯ ಪ್ರಯತ್ನಿಸಿದೆ. ಮೊಬೈಲ್‌ನಲ್ಲಿ ಸಿಕ್ಕ ಪಠ್ಯ ಇದು. ಕೊನೆ ಸಾಲಿನಲ್ಲಿ ಒಂದು ಮಾತ್ರೆ ಕಡಿಮೆ ಬರ್ತಿದೆ, ನಾಲ್ಕು ಸಲ ಎಣಿಸಿದೆ.

ದೀನ ನಾನು ಸಮಸ್ತಲೋಕಕೆ
ದಾನಿ ನೀನು ವಿಚಾರಿಸಲು ಮತಿ
ಹೀನ ನಾನು ಮಹಾಮಹಿಮ ಕೈವಲ್ಯಪತಿ ನೀನು
ಏನ ಬಲ್ಲೆನು ನಾನು ನೆರೆ ಸು
ಜ್ಞಾನಮೂರ್ತಿಯು ನೀನು ನಿನ್ನ ಸ
ಮಾನರುಂಟೆ ದೇವ ರಕ್ಷಿಸು ನಮ್ಮನನವರತ

ತುಂಗಾತೀರ

ನೀವು ಎಣಿಸಿದ್ದು ಸರಿ, ಪಠ್ಯದ್ದೇ ತಪ್ಪು. ಅಜ್ಜನ ಪುಸ್ತಕದಲ್ಲಿ ‘ಸಮಾನರುಂಟೇ’ ಎಂದು ದೀರ್ಘವಿದೆ. ಮಾನ | ರುಂಟೇ | ದೇವ | ರಕ್ಷಿಸು. ಟೈಪು ಮಾಡುವಾಗ ಯಾರೋ ಈಗಿನ ರೂಢಿಗೆ ‘ಉಂಟೆ’ ಮಾಡಿದ್ದಾರೆ. ಹೇಳಿ ನೋಡಿ, ದೀರ್ಘ ಇದ್ದರೇ ಪ್ರಶ್ನೆ ಪ್ರಶ್ನೆಯಾಗಿ ಕೇಳುತ್ತದೆ.

ಗದಗಿನ_ಓದುಗ

ಮತ್ತ ‘ನೆರೆ ಸು’ ಕಡೆ ನೋಡ್ರಿ ತಮ್ಮ. ನಾಲ್ಕನೇ ಸಾಲಿನ ಕೊನಿ ‘ಸು’, ಮುಂದಿನ ಸಾಲಿನ ‘ಜ್ಞಾ’ದಿಂದ ಗುರು ಆಗೇತಿ. ಇಲ್ಲಂದ್ರ ಗಣಕ್ಕ 3 ಮಾತ್ರಿ ಅಷ್ಟ. ಸಾಲಿನ ಕೊನಿಗೆ ನಿಲ್ಲೂದಿಲ್ಲ ಅಂತ ನಾ ಅಂದಿದ್ದಕ್ಕ ಇದಾ ಪುರಾವಿ. ‘ಸುಜ್ಞಾನ’ ಒಂದ ಪದ, ಅದಕ್ಕ ಒತ್ತು ಗಟ್ಟಿ. ‘ಭೂಸುರ’ ಮುಗದು ‘ಪ್ರೀಯ’ ಶುರು ಆಗೂ ಕಡೆ ಒತ್ತು ಸಡ್ಲ.

ಸಾಲಿಗೊಂದು

‘ದೀನ ನಾನು’ ಪದ್ಯ ಹಾಕಿದ ವಿದ್ಯಾರ್ಥಿಗೆ ಕೃತಜ್ಞತೆ. ಚಿಕ್ಕಂದಿನಲ್ಲಿ ಕೇಳಿದ್ದೆ, ಮರೆತಿತ್ತು. ರಾತ್ರಿ ಅದನ್ನೇ ಹೇಳಿಕೊಳ್ಳುತ್ತಾ ಕೂತೆ. ನನ್ನ ಪ್ರಶ್ನೆಗೆ ನಾನೇ ಉತ್ತರ ಬರೆಯಬೇಕಾಗಿ ಬಂದಿದೆ.

ನಾನು, ನೀನು, ನಾನು, ನೀನು, ನಾನು, ನೀನು. ಮೂರು ಸಲ ಅದು, ಮೂರು ಸಲ ಇದು. ಮೊದಲ ಮೂರು ಸಾಲಿನಲ್ಲಿ ಅವು ಎರಡನೆಯ ಗಣಕ್ಕೆ ಬೀಳುತ್ತವೆ: ನಾನು ಸ, ನೀನು ವಿ, ನಾನು ಮ. ಮೂರನೆಯ ಸಾಲು ‘ನೀನು’ವಿನಲ್ಲೇ ಮುಗಿದು, ಉಸಿರು ನಿಲ್ಲುವ ಜಾಗದಲ್ಲಿ ಅವನನ್ನು ಕೂರಿಸುತ್ತದೆ. ನಾಲ್ಕು ಐದರಲ್ಲಿ ಮೂರನೆಯ ಗಣಕ್ಕೆ ಸರಿಯುತ್ತವೆ. ಆರು ಸಾಲಿನ ಪ್ರಾಸಾಕ್ಷರವೂ ನಕಾರವೇ: ದೀನ, ದಾನಿ, ಹೀನ, ಏನ, ಜ್ಞಾನ, ಮಾನ. ನಾನು ನೀನು ಎಂಬ ಎರಡು ಪದಗಳ ಸದ್ದು ಪದ್ಯದ ಎಲ್ಲ ಮೂಲೆಗೂ ಹರಡಿದೆ. ದೀನನಿಗೂ ದಾನಿಗೂ ಬರೀ ಸ್ವರಗಳ ವ್ಯತ್ಯಾಸ.

ಇಲ್ಲಿ ವಾಕ್ಯಗಳು ತಾವೇ ಮುಗಿದಿವೆ. ಗದಗಿನವರು ಹೇಳಿದ ಕ್ರಿಯಾಪದದ ಅಗತ್ಯ ಈ ಪದ್ಯಕ್ಕಿಲ್ಲ. ಹಾಗಾದರೆ ‘ರಕ್ಷಿಸು’ ಇಲ್ಲಿ ಬೇಡವೇ ಎಂದು ಪರೀಕ್ಷೆ ಮಾಡಿದೆ. ಆಗ ಕಂಡದ್ದು: ಐದು ಸಾಲು ‘ನಾನು, ನಾನು’ ಎಂದವನು ಕೊನೆಗೆ ‘ನನ್ನನ್ನು ಕಾಪಾಡು’ ಎನ್ನುವುದಿಲ್ಲ. ‘ನಮ್ಮನು’ ಎನ್ನುತ್ತಾನೆ. ದೀನ ನಾನು, ಹೀನ ನಾನು, ಏನೂ ಅರಿಯದವನು ನಾನು, ಆದರೆ ಕೇಳುವಾಗ ನಾವು. ಆ ಸಾಲು ಬದಲಾಗದೆ ನಿಂತಿರುವುದರಿಂದಲೇ ಇದು ಕಾಣುತ್ತದೆ. ಒಬ್ಬನ ಅಳಲು ಹೇಳುವ ಪದ್ಯಕ್ಕೆ ಕವಿ ‘ಎನ್ನನು’ ಎಂದು ತಿರುಗಿಸಿಕೊಳ್ಳಬಹುದಿತ್ತು, ‘ಎನ್ನ’ ಕೂಡ 3 ಮಾತ್ರೆಯೇ. ರಕ್ಷಿಸು | ಎನ್ನ | ನನವರ | ತ. ಗಣ ಕೂಡುತ್ತಿತ್ತು. ತಿರುಗಿಸಿಕೊಳ್ಳಲಿಲ್ಲ.

ಜಾಗ ತುಂಬಿಸಲು ಹಾಕಿದ್ದು ಎಂದು ಮೊನ್ನೆ ಬರೆದದ್ದನ್ನು ಅಳಿಸುವುದಿಲ್ಲ, ಚರ್ಚೆ ಓದುವವರಿಗೆ ದಾರಿ ಕಾಣಲಿ. ಆದರೆ ಈಗ ನಾನು ಹಾಗೆ ತಿಳಿದಿಲ್ಲ.

ಚೆಂಡೆಮದ್ದಳೆ

‘ನಮ್ಮ’ ಅಂತ ಇರುವುದರಿಂದಲೇ ಕೂತವರೆಲ್ಲ ಸೇರಿ ಹೇಳಬಹುದು. ‘ಎನ್ನ’ ಅಂತಿದ್ದರೆ ಹೇಳುವವ ಒಬ್ಬನೇ ಆಗುತ್ತಿದ್ದ.

ತುಂಗಾತೀರ

ನಿನ್ನೆ ಎರಡನೆಯ ಅಭ್ಯಾಸ ಆಯಿತು. ಗಣ, ಮಾತ್ರೆ ಯಾವುದನ್ನೂ ಎತ್ತಲಿಲ್ಲ. ಹಿರಿಯರ ಕೈಗೆ ಪುಸ್ತಕ ಕೊಟ್ಟು, “ನೀವು ಹೇಳಿದ ಹಾಗೆ ಬಿಟ್ಟು, ಮೊದಲ ಪದ್ಯ ಗಟ್ಟಿಯಾಗಿ ಓದಿ” ಅಂದೆ. ‘ರಾಯ ಚತುರೋಪಾಯ’ಕ್ಕೆ ನಿಂತರು. ನಾವು ಯಾರೂ ಮಾತಾಡಲಿಲ್ಲ. ಅವರೇ ಮೆಲ್ಲಗೆ ಮುಂದಿನದನ್ನು ಹೇಳಿದರು. ಆಮೇಲೆ ‘ಏನು ಮಾಡು ಅಂತ ಕೇಳಲೇ ಇಲ್ಲವಲ್ಲ ನಾನು’ ಅಂದರು.

ಸಮಯದ ತೊಂದರೆ ಇದ್ದೇ ಇದೆ. ಅದಕ್ಕೆ 20 ಪದ್ಯ ಬೇಡ, 12 ಸಾಕು ಎಂದು ಅವರೇ ಹೇಳಿದರು. ಓದುವ ಕ್ರಮ ಹೀಗೆ: ಒಬ್ಬೊಬ್ಬರು ಒಂದೊಂದು ಪದ್ಯ, ಆರನೆಯ ಸಾಲಿನ ಮೊದಲ ಮೂರು ಗಣದವರೆಗೆ ಒಂಟಿ ದನಿ, ‘ರಕ್ಷಿಸು’ವಿನಿಂದ ಎಲ್ಲರೂ. ‘ದೀನ ನಾನು’ ಹಿರಿಯರಿಗೆ. ಗಿಳಿಯ ಪದ್ಯ ಆರನೇ ತರಗತಿಯ ಹುಡುಗಿಯೊಬ್ಬಳಿಗೆ ಕೊಟ್ಟಿದ್ದೇವೆ, ಅವಳಿಗೆ ‘ಮೃದು ನುಡಿ’ ಅನ್ನುವಲ್ಲಿ ಋಕಾರ ಇನ್ನೂ ಸರಿಯಾಗಿ ಹೊರಳುತ್ತಿಲ್ಲ, ಮುಂದಿನ ಭಾನುವಾರ ಅಲ್ಲಿಂದಲೇ ಶುರು ಮಾಡಬೇಕು.